ತಮ್ಮನ ಬಾಗಿಲಲ್ಲಿ ಹಲಗೆ

ಖಡಕಿ, ಬುಧವಾರ, ೯ ಮಾರ್ಚ್ ೧೯೩೮

ಕೈ ಇನ್ನೂ ಉರಿಯುತ್ತಿದೆ. ಹೆಂಡತಿಯನ್ನು ಹೊಡೆದವನ ಬಾಗಿಲಲ್ಲಿ, ಅವನು ಅವಳ ಕಾಲು ಹಿಡಿಯುವವರೆಗೂ ತಮಟೆಯಂಥ ಹಲಗೆ ಬಡಿಯಬೇಕು. ಪ್ಲೇಗಿನ ಹೆಣ ಹೊರಲೆಂದು ಕಟ್ಟಿದ ನಮ್ಮ ಹೊಲಗೇರಿಯ ಅಕ್ಕತಂಗಿಯರ ಸಂಘಕ್ಕೆ ಈ ನೇಮ ಹಾಕಿದವಳು ನಾನೇ.

ಇಂದು ಆ ಬಾಗಿಲು ನನ್ನ ತಮ್ಮ ದುರ್ಗಪ್ಪನದು. ಓದುಬರಹ ಕಲಿಯಲು ಸಂಘದ ಶಾಲೆಗೆ ಹೋದಳೆಂದು ಹೆಂಡತಿ ನೀಲವ್ವನ ಬಲಗೈ ಬೆರಳುಗಳನ್ನು ಒರಳುಕಲ್ಲಿನ ಮೇಲಿಟ್ಟು ಜಜ್ಜಿದ್ದಾನೆ, ಪಾಪಿ.

"ನೀವು ಮನೀಗೆ ಹೋಗ್ರಿ, ನಾವು ನೋಡ್ಕೋತೀವಿ," ಎಂದಳು ಪಕ್ಕದ ಮನೆಯ ಕಲ್ಲವ್ವ. ಅವಳ ಕೈಯಿಂದ ಹಲಗೆ ಕಸಿದುಕೊಂಡೆ. ತಮ್ಮ ಕೊಡಲಿ ಹಿಡಿದು ಹೊರಬಂದ. ಹಲಗೆಯ ಚರ್ಮ ಹರಿಯುವವರೆಗೂ ಬಡಿದೆ. ಕೊನೆಗೆ ಕೊಡಲಿ ಬಿಸಾಕಿ ನನ್ನ ಕಾಲಿಗೆ ಬಿದ್ದ. ಅವನನ್ನು ಒದ್ದೆ.

"ನಂದಲ್ಲೋ, ಆಕೀದು ಹಿಡಿ!"

ನೀಲವ್ವ ಕಾಲು ಹಿಂದಕ್ಕೆಳೆದುಕೊಂಡಳು. ಅವನತ್ತ ನೋಡಲೇ ಇಲ್ಲ. ಎಡಗೈಯಲ್ಲಿ ಬರೆಯುವ ಪಾಟಿ ಹಿಡಿದು ನನ್ನತ್ತ ಚಾಚಿದಳು.

"ಈ ಕೈಲೆ ಬರಿಯೋದು ಕಲಸ್ರಿ, ಅಕ್ಕಾ."