ದಿನಕ್ಕೆರಡು ತಪ್ಪು

ಶಹಾಪುರ, 10 ಜೂನ್ 2024, ಸೋಮವಾರ

ಎಂದಿನಂತೆ ಒಂಬತ್ತಕ್ಕೆ ಪಾಠ. ಮಗಳು ಮಲ್ಲೇಶ್ವರಿಗೆ ಗುಣಾಕಾರದ ನಲವತ್ತು ಲೆಕ್ಕ ಕೊಟ್ಟೆ. ಐದು ಮಾಡಿ ಪೆನ್ಸಿಲ್ ಇಟ್ಟಳು.

"ಎಲ್ಲಾ ಒಂದೇ ನಮೂನಿ ಅದಾವಲ್ಲವ್ವಾ."

ಎಂಟು ವರ್ಷಕ್ಕೇ ಈ ತಕರಾರು! ಶಾಲೆಯಲ್ಲೂ ಇದೇ... ಬೇಜಾರು, ಬೇಜಾರು. ಅದಕ್ಕೇ ಬಿಡಿಸಿದ್ದು. ಮಗಳ ವೇಗಕ್ಕೆ ತಕ್ಕಂತೆ ಮನೆಯಲ್ಲೇ ಕಲಿಸುತ್ತೇನೆ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದೆ. ಡಿ.ಎಡ್. ಮಾಡಿದವಳಲ್ಲವೇ ನಾನು.

14 ಜೂನ್

ಪಕ್ಕದ ಮನೆಯ ಮಕ್ತುಂಬಿ ಬಂದಿದ್ದರು. ಕೌದಿ ಹೊಲಿಯುವವರು, ಕಂಕುಳಲ್ಲಿ ಬಟ್ಟೆ ತುಂಡುಗಳ ಗಂಟು. ಅವರ ಮುಂದೆ ಜಂಭ ತೋರಿಸಲು ಬೋರ್ಡಿನ ಮೇಲೆ ಭಿನ್ನರಾಶಿ ಕೂಡಿಸಿದೆ.

"ಅವ್ವಾ, ತಪ್ಪಾಗ್ಯದ. ಕೆಳಗಿನವು ಕೂಡಸಬಾರ್ದು."

ಹೌದು, ತಪ್ಪಾಗಿತ್ತು. ಒರೆಸಲಿಲ್ಲ. ಕಪಾಳಕ್ಕೆ ಕೊಟ್ಟೆ.

"ಎದುರು ಮಾತಾಡ್ತಿ?"

ಅಳಲಿಲ್ಲ ಹುಡುಗಿ. ಮಕ್ತುಂಬಿ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

2 ಜುಲೈ

ಈಗ ತಕರಾರಿಲ್ಲ. ನಲವತ್ತೂ ಮಾಡುತ್ತಾಳೆ. ದಿನಾ ಎರಡು ತಪ್ಪು. ಕೆಂಪು ಪೆನ್ನಿನಲ್ಲಿ ತಿದ್ದಿ ಹೇಳಿಕೊಡುತ್ತೇನೆ, "ಹೌದಲ್ಲವ್ವಾ" ಎನ್ನುತ್ತಾಳೆ. ಸುರಪುರಕ್ಕೆ ಅಣ್ಣನಿಗೆ ಫೋನ್ ಮಾಡಿದೆ. ಮಾಡಿದ್ದನ್ನೇ ಮಾಡಿಸಿದ್ದಕ್ಕೆ ದಾರಿಗೆ ಬಂದಳು ನೋಡು ಎಂದೆ. ಎಷ್ಟು ಖುಷಿ ನನಗೆ!

19 ಜುಲೈ, ಸಂಜೆ

ಮಲ್ಲೇಶ್ವರಿಯನ್ನು ಕರೆಯಲು ಹೋದೆ. ಮಕ್ತುಂಬಿಯ ಅಂಗಳದಲ್ಲಿ ಕೌದಿ ಹಾಸಿತ್ತು. ಮಲ್ಲು ಬೋರಲು ಮಲಗಿ ತುಂಡು ಜೋಡಿಸುತ್ತಿದ್ದಳು.

"ಖಾಲಾ, ಅಡ್ಡ ಒಂಬತ್ತು, ಉದ್ದ ಹನ್ನೆರಡು. ಒಂದೊಂದು ಚೌಕಕ್ಕ ಎರಡು ತ್ರಿಕೋನ ತುಂಡು. ಇನ್ನೂರಾ ಹದಿನಾರು. ಮೂರು ಬಣ್ಣ ಅಂದ್ರ ಎಪ್ಪತ್ತೆರಡು, ಎಪ್ಪತ್ತೆರಡು."

ಕಾಗದವಿಲ್ಲ, ಬೆರಳು ಮಡಚಿದ್ದೂ ಇಲ್ಲ. ನನ್ನನ್ನು ಕಂಡು ಗಡಬಡಿಸಿ ಎದ್ದಳು.

ಅವಳು ಚಪ್ಪಲಿ ಹುಡುಕುತ್ತಿದ್ದಾಗ ಮಕ್ತುಂಬಿ ಮೆಲ್ಲಗೆ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ ಟೀಚರಮ್ಮಾ. ದಿನಾ ಎರಡು ತಪ್ಪು ಬೇಕಂತ್ಲೇ ಮಾಡ್ತಾಳಂತ್ರಿ. ಯಾಕ ಅಂತ ಕೇಳಿದ್ನಿ. 'ಎಲ್ಲಾ ಸರಿ ಮಾಡಿದ್ರ ಅವ್ವಗ ಕಲಸಾಕ ಏನೂ ಉಳಿಯಂಗಿಲ್ಲ' ಅಂದಳ್ರಿ."

20 ಜುಲೈ

ನಾಚಿಕೆಯಿಂದ ಸತ್ತು ಹೋದೆ. ಅವಳ ಮುಖ ನೋಡಲಾಗುತ್ತಿಲ್ಲ. ಇಲ್ಲಾದರೂ ನಿಜ ಬರೆಯುತ್ತೇನೆ — ಆ ನಲವತ್ತು ಲೆಕ್ಕ ಅವಳಿಗಾಗಿ ಅಲ್ಲ. ಮುಂದಿನ ಪಾಠ ಭಿನ್ನರಾಶಿ. ನನಗೆ ಅದು ಯಾವತ್ತೂ ಅಷ್ಟಕ್ಕಷ್ಟೇ. ನನ್ನ ಹೆದರಿಕೆಗೆ ಅವಳನ್ನು ಅಲ್ಲೇ ಕೂರಿಸಿಟ್ಟೆ. ಆ ಶಾಲೆಗಿಂತ ನಾನೇನು ಮೇಲು?

22 ಜುಲೈ, ಬೆಳಿಗ್ಗೆ ಒಂಬತ್ತೂವರೆ

ನಲವತ್ತರ ಹಾಳೆ ಹರಿದು ಹಾಕಿದೆ. ಒಂದೇ ಲೆಕ್ಕ ಕೊಟ್ಟೆ, ಭಿನ್ನರಾಶಿಯದು.

"ಮಲ್ಲೂ, ಅವತ್ತು ತಪ್ಪು ನಂದೇ ಇತ್ತು. ಹೊಡದದ್ದೂ ತಪ್ಪು. ಇದು ನನಗ ಪಕ್ಕಾ ಬರಂಗಿಲ್ಲ, ನೀನೇ ತೋರಸು."

ತಲೆ ಬಗ್ಗಿಸಿ ಬರೆದಳು. ಅರ್ಧ ನಿಮಿಷವೂ ಆಗಲಿಲ್ಲ. ನಿನ್ನೆಯೇ ಗೈಡ್ ನೋಡಿಟ್ಟುಕೊಂಡಿದ್ದೆ — ಉತ್ತರ ಸರಿ ಇತ್ತು. "ಶಾಭಾಸ್" ಎನ್ನಬೇಕಿತ್ತು, ಅಭ್ಯಾಸಬಲದಿಂದ ಕೆಂಪು ಪೆನ್ನು ಕೈಗೆತ್ತಿಕೊಂಡೆ. ಅವಳು ನನ್ನ ಮುಖವನ್ನೇ ನೋಡಿದಳು. ಏನು ಕಂಡಿತೋ... ರಬ್ಬರ್ ತೆಗೆದುಕೊಂಡು, ಸರಿ ಇದ್ದ ಉತ್ತರವನ್ನೇ ಅಳಿಸಿದಳು.