ಕಡೇ ಕೊಡದವರ ಹೊಟ್ಟೆಕಿಚ್ಚು

ಹಗರಿ ಕೆಳದಂಡೆ,
ಇಸವಿ ೨೨೮೦, ಹದಿಮೂರನೆಯ ತಿಂಗಳು.

ಹಿಂದಿನವರೇ,

ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಾವು ಸೇರಿಸಿಕೊಂಡ ತಿಂಗಳಿದು. ಮಾತು ವಿಚಿತ್ರವಾಗಿ, ಒರಟಾಗಿ ಕೇಳಿದರೆ ಸಹಿಸಿಕೊಳ್ಳಿ. ಮೆದುವಾಗಿ ಹೇಳಲು ಬಾಯಿ ಒಣಗಿದೆ. ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ನಿಮ್ಮ ನದಿಗಲ್ಲ, ಮಾವಿನಹಣ್ಣಿಗಲ್ಲ. ನಿಮ್ಮಲ್ಲಿ ಇನ್ನೂ ಏನೂ ಕಟ್ಟಿ ಮುಗಿದಿಲ್ಲವಲ್ಲ, ಅದಕ್ಕೆ.

ನೀರು, ದೀಪ, ಆಸ್ಪತ್ರೆ, ರೈಲು ಎಲ್ಲವನ್ನೂ ನಡೆಸುವ ಒಂದೇ ಕಂಪ್ಯೂಟರ್ ಜಾಲಕ್ಕೆ ನಾವು ಊರ್ನರ ಎನ್ನುತ್ತೇವೆ. ಕಟ್ಟಿದವರು ದಡ್ಡರಲ್ಲ. ಯಾರಿಗೇನು ಬೇಕೆಂದು ಮೊದಲು ಸಭೆ ಕರೆದು ಕೇಳಿದರು, ಭಾಗ ಭಾಗವಾಗಿ ಕಟ್ಟಿದರು, ಒಂದೊಂದನ್ನೂ ಪರೀಕ್ಷಿಸಿ ಜೋಡಿಸಿದರು. ಆ ಸಭೆಗೆ ನಮ್ಮ ಕೇರಿಯನ್ನು ಮಾತ್ರ ಕರೆಯಲಿಲ್ಲ. ಎಲ್ಲರಿಗೂ ಆಗಿ ಮಿಕ್ಕಿದ್ದು ಕಡೆಯ ಕೇರಿಗೆ ಎಂದು ತೀರ್ಮಾನಿಸಿ ಎದ್ದರು. ಊರ ಸಾಲಿನಲ್ಲಿ ಎಲ್ಲರ ಕೊಡ ತುಂಬಿದ ಮೇಲೆ ನಮ್ಮ ಕೊಡ, ಅದಕ್ಕೇ ನಮಗೆ ಕಡೇ ಕೊಡದವರೆಂದು ಹೆಸರು. ನಮ್ಮ ನಲ್ಲಿಯ ಮುಂದಿನ ಪದ್ಧತಿ ಬೇರೆ: ನಿನ್ನೆ ಯಾರ ಕೊಡ ಖಾಲಿ ಉಳಿಯಿತೋ ಇವತ್ತು ಅವರದೇ ಮೊದಲು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆವು.

ಈ ಬೇಸಿಗೆ ನನ್ನ ಮಗಳ ಹೆರಿಗೆಗೆ ಬಿಂದಿಗೆ ನೀರೂ ಸಿಗದೆ, ಕೇರಿಯ ಸೂಲಗಿತ್ತಿ ದುರುಗವ್ವ ಊರ್ನರ ನೋಡಿಕೊಳ್ಳುವ ಎಂಜಿನಿಯರ್ ಮಲಿಯಪ್ಪನ ಹತ್ತಿರ ಹೋದಳು. ಇವತ್ತೊಂದು ದಿನ ನಮ್ಮ ಸರದಿ ಎಲ್ಲರಿಗಿಂತ ಮೊದಲು ಹಾಕು ಎಂದು ಜಗಳ ತೆಗೆದಳು. ಒಳ್ಳೆಯವನು, ಹಾಕಿಯೇ ನೋಡಿದ. ನಲ್ಲಿ ಉಕ್ಕಿತು. ಅತ್ತ ಆಸ್ಪತ್ರೆಯ ಯಂತ್ರಗಳು ತಣಿಸುವ ನೀರಿಲ್ಲದೆ ಬಿಸಿಯೇರಿ ನಿಂತವು, ದೀಪ ಹೋದವು, ರೈಲು ಹೊಲದ ನಡುವೆ ನಿಂತಿತು. ನಮ್ಮ ನೀರನ್ನು ಬೇಕೆಂದಾಗ ಕಸಿಯಬಹುದೆಂದು ನಂಬಿಯೇ ಆಮೇಲಿನ ಒಂದೊಂದು ಭಾಗವನ್ನೂ ಕಟ್ಟಿದ್ದರು. ಮಲಿಯಪ್ಪ ನಲ್ಲಿ ಬಂದ್ ಮಾಡಿ, ಮುಖ ತಪ್ಪಿಸಿ ಹೇಳಿದ:

"ಯವ್ವಾ, ಊರೆಲ್ಲಾ ನಿಮ್ಮ ನೀರಡಿಕಿ ಮ್ಯಾಗ ನಿಂತೈತಿ. ಅದನ್ನ ತಗದರ ಊರು ಬೀಳತೈತಿ."

"ಬೀಳಲಿ ಬಿಡಪ್ಪಾ," ಎಂದಳು ದುರುಗವ್ವ. "ನಾವೇನು ಮಾಳಿಗಿ ಮ್ಯಾಗ ಅದೀವೇನು?"

ಕೇರಿಯೆಲ್ಲ ನಕ್ಕಿತು. ನೀರು ಬರಲಿಲ್ಲ. ಕೂಸನ್ನು ಒಣ ಬಟ್ಟೆಯಲ್ಲಿ ಒರೆಸಿ ತಾಯಿಯ ಮಗ್ಗುಲಿಗೆ ಹಾಕಿದೆವು.

ಆ ಸಭೆ ನಿಮ್ಮ ಕಾಲದಲ್ಲಿ ಇನ್ನು ನಡೆಯಬೇಕಾದದ್ದು. ಈ ವರ್ಷವೋ, ಬರುವ ವರ್ಷವೋ. ಕರೆ ಬರಲೆಂದು ಕಾಯಬೇಡಿ, ನುಗ್ಗಿ. ಕುರ್ಚಿ ಕೊಡದಿದ್ದರೆ ನೆಲದ ಮೇಲೆ ಕೂತುಕೊಳ್ಳಿ. ಕಡೇ ಕೊಡದವರಿಗೆಷ್ಟು ಎಂದು ಕೇಳಿ, ಉತ್ತರ ಬರುವ ತನಕ ಏಳಬೇಡಿ. ಚಾ ಕುಡಿಸಿ ಕಳಿಸಲು ನೋಡುತ್ತಾರೆ. ಚಾ ಕುಡಿಯಿರಿ, ಏಳಬೇಡಿ.

ನನ್ನ ಮೊಮ್ಮಗಳ ಮೈ ತೊಳೆಯುವ ನೀರು ಆ ಕೋಣೆಯಲ್ಲೇ ತೀರ್ಮಾನವಾಗುತ್ತದೆ. ನೀವು ಒಳಗೆ ಹೋಗಬಲ್ಲಿರಿ. ನಾನು ಹೋಗಲಾರೆ.

ಕಡೆಯ ಕೇರಿಯ ಹೊನ್ನೂರವ್ವ