ತಂಪು ಕೋಣೆಯಲ್ಲಿ ನಡೆದ ಕಾಲು

ಅಂಗವೈಕಲ್ಯ ತಪಾಸಣಾ ಮಂಡಳಿಯ ಅಧ್ಯಕ್ಷರೇ,

ನನ್ನ ತಂಗಿಯ ಮಗಳಿಗೆ ಅಂಗವೈಕಲ್ಯವೇ ಇಲ್ಲವೆಂದು ನಿಮ್ಮ ಮಂಡಳಿ ಬರೆದುಕೊಟ್ಟಿದೆ. ಕಾಯಿಲೆ ಇಷ್ಟು ಸುಲಭವಾಗಿ ಹೋಗುತ್ತದೆಂದು ಗೊತ್ತಿದ್ದರೆ ನರರೋಗ ತಜ್ಞರ ಬಳಿ ಅಲೆಯುವ ಬದಲು ಮೊದಲೇ ನಿಮ್ಮಲ್ಲಿಗೆ ಬರುತ್ತಿದ್ದೆವು!

ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು. ಸುತ್ತ ಹಬೆ, ದಿನವಿಡೀ ನಿಂತೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋಲುತ್ತದೆ, ಕಣ್ಣಿಗೆ ಮಂಜು ಕವಿಯುತ್ತದೆ. ತಂಪಿನಲ್ಲಿ ಕೂತು ಗುಂಡಿ ಪರೀಕ್ಷಿಸುವ ಕೆಲಸ ಕೊಡಿ ಎಂದು ಕೇಳಿದ್ದಕ್ಕೆ ಮೇಲ್ವಿಚಾರಕಿ ಅಂದದ್ದಿಷ್ಟು: "ಸರ್ಟಿಫಿಕೇಟ್ ತಂದ್ರೆ ಗುಂಡಿ ಟೇಬಲ್ಲು. ಇಲ್ಲಾಂದ್ರೆ ಇಸ್ತ್ರಿ. ಅದೂ ಆಗಲ್ಲಾಂದ್ರೆ ಮನೇಲಿ ಆರಾಮಾಗಿರು ತಾಯಿ."

ನಾನು ಅಕ್ಷರ ಕೂಡಿಸಿ ಕೂಡಿಸಿ ಓದಲು ಕಲಿತವಳು. ಆದರೂ ತಜ್ಞರು ಚಿತ್ರ ಬರೆದು ತೋರಿಸಿದ್ದು ನನಗೂ ಅರ್ಥವಾಯಿತು. ಮಿದುಳಿನ ರಕ್ತನಾಳಗಳ ಒಳಗೋಡೆ ಬಹಳ ಬಿಗಿಯಂತೆ. ರಕ್ತದಲ್ಲಿ ಓಡಾಡುವುದನ್ನೆಲ್ಲ ಮಿದುಳಿನೊಳಕ್ಕೆ ಬಿಡುವುದಿಲ್ಲವಂತೆ. ಇವಳಲ್ಲಿ ಆ ಗೋಡೆ ಅಲ್ಲಲ್ಲಿ ಸಡಿಲಗೊಂಡು, ರೋಗದ ವಿರುದ್ಧ ಹೋರಾಡಬೇಕಾದ ಮೈಯ ಕಾವಲು ಕಣಗಳೇ ಒಳನುಗ್ಗಿ ನರಗಳ ಹೊದಿಕೆಯನ್ನು ಹಾಳುಗೆಡವುತ್ತಿವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಹೊದಿಕೆ ಕಳೆದುಕೊಂಡ ನರ ಮೈ ಬಿಸಿಯಾದರೆ ಸುದ್ದಿ ಸಾಗಿಸಲಾರದು; ತಣಿದರೆ ಚೇತರಿಸಿಕೊಳ್ಳುತ್ತದೆ. ಗಾಯ ಮಾತ್ರ ಅಲ್ಲೇ ಇರುತ್ತದೆ. ಗೋಡೆ ಸೋರಿದ ಜಾಗಗಳು ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತವೆ. ಆ ಸ್ಕ್ಯಾನಿನ ಲಕೋಟೆಯನ್ನು ನಿಮ್ಮ ವೈದ್ಯರು ಬಿಚ್ಚಿದರೇ? ಅದರ ಮೇಲೆ ಚಹಾದ ಲೋಟ ಇಟ್ಟರು.

ದೊಡ್ಡವರ ಮುಂದೆ ಅಂದಗೆಟ್ಟು ನಿಲ್ಲಬಾರದೆಂಬುದು ನಮ್ಮ ಮನೆಯ ನೇಮ. ನಿಮ್ಮ ಮೇಲಿನ ಗೌರವಕ್ಕೆ ನನ್ನ ತಂಗಿ ತನ್ನ ಮಗಳನ್ನು ತಪಾಸಣೆಯ ಹಿಂದಿನ ದಿನವೆಲ್ಲ ಮಲಗಿಸಿದಳು. ಬೆಳಿಗ್ಗೆ ತಣ್ಣೀರಲ್ಲಿ ಸ್ನಾನ ಮಾಡಿಸಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಡಿಸಿದಳು. "ಸೋತ ಮುಖ ಇಟ್ಕೊಂಡು ಹೋದ್ರೆ ನಾಟಕ ಅಂದಾರು ಕಣೇ," ಅಂದಳು. ನಿಮ್ಮ ಕೋಣೆಯೋ, ಮಂಜುಗಡ್ಡೆಯ ಪೆಟ್ಟಿಗೆ.

"ಆ ಗೋಡೆ ತನಕ ಹೋಗಿ ಬಾಮ್ಮ," ಅಂದರು ನಿಮ್ಮ ವೈದ್ಯರು. ಹೋಗಿ ಬಂದಳು, ಹುಚ್ಚು ಹುಡುಗಿ, ನೆಟ್ಟಗೆ!

"ಮದುವೆಮನೆಗೆ ಬಂದ ಹಾಗೆ ಬಂದಿದೀಯ. ನಿನಗೇನಮ್ಮ ಧಾಡಿ?"

"ಬಿಸಿಲು ಆಗಲ್ಲ ಸಾರ್."

"ಯಾರಿಗಮ್ಮ ಆಗತ್ತೆ? ನನಗೂ ಆಗಲ್ಲ."

ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಬಸ್ ನಿಲ್ದಾಣ ತಲುಪುವ ಮೊದಲೇ ಅವಳು ಕುಸಿದಳು. "ದೊಡ್ಡಮ್ಮಾ, ನನ್ನ ಕಾಲು ಅವರ ಕೋಣೇಲೇ ಮರೆತು ಬಂದ್ನಾ?" ಎಂದು ನಗಲು ನೋಡಿದಳು. ನಾನು ತಿರುಗಿ ಬಂದು, ಈಗ ನೋಡಿ, ಈಗ ಬನ್ನಿ ಎಂದು ಬಾಗಿಲಲ್ಲಿ ಕೂಗಿದೆ. "ಒಂದ್ಸಲ ನೋಡಿದ್ಮೇಲೆ ಮುಗೀತು ಅಜ್ಜಿ. ಮುಂದಿನ ವರ್ಷ ಬನ್ನಿ," ಅಂದ ನಿಮ್ಮ ಜವಾನ.

ಬೇಸಿಗೆಯಲ್ಲಿ ಬಂದು ಛಾವಣಿ ನೋಡಿ, ಸೋರುತ್ತಿಲ್ಲವಲ್ಲ ಎನ್ನುವವನನ್ನು ನೀವು ಏನೆಂದು ಕರೆಯುತ್ತೀರಿ, ಸ್ವಾಮಿ? ಇಲ್ಲದ ಕಾಲಿಗೆ ನಿಮ್ಮಲ್ಲಿ ಲೆಕ್ಕವುಂಟು. ಬೆಳಿಗ್ಗೆ ಇದ್ದು ಮಧ್ಯಾಹ್ನ ಇಲ್ಲವಾಗುವ ಕಾಲಿಗೆ ಏಕಿಲ್ಲ? ಚೆನ್ನಾಗಿ ಕಾಣಿಸಿದ್ದೇ ಅವಳ ತಪ್ಪೇ?

ನಾನು ದಯೆ ಕೇಳುತ್ತಿಲ್ಲ. ಲಕೋಟೆ ಬಿಚ್ಚಿ, ತಜ್ಞರನ್ನು ಕರೆಸಿ, ಇಸ್ತ್ರಿ ವಿಭಾಗದ ಹಬೆಯಲ್ಲಿ ಅವಳನ್ನು ಮತ್ತೆ ಪರೀಕ್ಷಿಸಿ. ಮುಂದಿನ ವರ್ಷವಲ್ಲ, ಈ ವಾರ. ನಾನಿದನ್ನು ಬರೆಯುವಾಗಲೂ ಅವಳು ಅಲ್ಲೇ ಇದ್ದಾಳೆ. ಕಣ್ಣು ಮಂಜಾದಾಗ ಕಾದ ಇಸ್ತ್ರಿಪೆಟ್ಟಿಗೆ ಎಲ್ಲಿದೆಯೆಂದು ಕೈಯಿಂದ ತಡವುತ್ತಾಳೆ. ಸುಟ್ಟ ಕೈಗೆ ನಿಮ್ಮ ಪಟ್ಟಿಯಲ್ಲಿ ಶೇಕಡಾವಾರು ಇದೆಯೆಂದು ಬಲ್ಲೆ. ಅಲ್ಲಿಯವರೆಗೆ ಕಾಯಬೇಡಿ.

ಇಂತಿ,
"ತಮ್ಮ ವಿಶ್ವಾಸಿ" ಎಂದು ಬರೆಯಲು ಕೈ ಬಾರದ,
ಇಸ್ತ್ರಿಯವಳ ದೊಡ್ಡಮ್ಮ